ಕಾಜಾ ಅಕ್ಕನ ಬಲಗಣ್ಣು

ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅದು ತೂರುವ ಕಾಜಾ ಹೊಲಿದವರು ಯಾರೆಂದು ನಾವು ಕೇಳುವುದಿಲ್ಲ. ದರ್ಜಿ ಗಂಡ ಹೊಲಿದ ಅಂಗಿಗಳಿಗೆಲ್ಲ ಕೈಯಲ್ಲೇ ಕಾಜಾ ಹಾಕುತ್ತಿದ್ದಾಕೆಯನ್ನು ಬೀದಿಯವರು ಕಾಜಾ ಅಕ್ಕ ಎನ್ನುತ್ತಾರೆ. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಣ್ಣಿನ ಕರಿಗುಡ್ಡೆಗೂ ಬಿಳಿ ಕಲೆ ಕವಿದ ಮೇಲೆ ಗಂಡನ ಮುಖವೂ ಬರೀ ಮಬ್ಬು.

ಸತ್ತವರೊಬ್ಬರ ಮನೆಯವರು ಕೊಟ್ಟ ಕಣ್ಣಿನಿಂದ ಕರಿಗುಡ್ಡೆಯ ಮೇಲಿನ ಕಾರ್ನಿಯಾ ಎಂಬ ತಿಳಿಪದರ ತೆಗೆದು ಆಸ್ಪತ್ರೆಯಲ್ಲಿ ಆಕೆಯ ಬಲಗಣ್ಣಿಗೆ ಕೂರಿಸಿದರು. ನೋಟ ನಿಧಾನವಾಗಿ ತಿಳಿಯಾಯಿತು. ಒಂದು ಬೆಳಗ್ಗೆ ಹೊಲಿಗೆ ಮಿಷನ್ ಮುಂದೆ ಕೂತಿದ್ದ ಗಂಡನನ್ನು ನೋಡಿ, “ನಿಮ್ಮಪ್ಪನೇ ಎದ್ದು ಬಂದ್ರೇನೋ ಅಂದ್ಕೊಂಡೆ ಕಣ್ರೀ. ಹುಬ್ಬೂ ನರೆತು ಹೋಗಿದ್ಯಲ್ಲ” ಎಂದಳು. ಸದಾ ತುಟಿಯಲ್ಲಿ ಸೂಜಿ ಕಚ್ಚಿಕೊಂಡಿರುವ ಗಂಡ ಎಂದಿನಂತೆ “ಹ್ಞೂಂ” ಎಂದ. ಆ ಹ್ಞೂಂ ಜೊತೆಗಿದ್ದ ನಗು ಅಕ್ಕನಿಗೆ ಕಣ್ಣಾರೆ ಕಂಡಿತು.

ಆ ಸೂಜಿಯೇ ಮುಳುವಾಯಿತು. ಕಣ್ಣಿಗೆ ಬಿಡುವ ಹನಿಮದ್ದಿನ ಮೊದಲ ಬಾಟಲಿಯನ್ನು ನರ್ಸಮ್ಮನೇ ತೆರೆದುಕೊಟ್ಟಿದ್ದರು. ಎರಡನೆಯದರ ತುದಿಯಲ್ಲಿ ತೂತೇ ಇಲ್ಲ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರೆ ಅದರೊಳಗಿನ ಮೊನೆಯೇ ತೂತು ಮಾಡುತ್ತದೆಂದು ಇವರಿಗೆ ಯಾರೂ ಹೇಳಿರಲಿಲ್ಲ. ಗಂಡ ತುಟಿಯಲ್ಲಿದ್ದ ಸೂಜಿ ತೆಗೆದು ಚುಚ್ಚಿದ. ದರ್ಜಿ ಇನ್ನೇನು ಮಾಡಿಯಾನು?

ಕಣ್ಣು ಕೆಂಡವಾಯಿತು, ಕೀವು ತುಂಬಿತು. ಸೂಜಿಗಂಟಿದ್ದ ಬಾಯಿಯ ಬ್ಯಾಕ್ಟೀರಿಯಾ ಹನಿಯೊಂದಿಗೆ ಕಣ್ಣಿಗಿಳಿದಿರಬೇಕು ಎಂದ ಡಾಕ್ಟರು, ಇಷ್ಟೂ ಗೊತ್ತಾಗಲ್ವೇನ್ರೀ ಎಂದು ಸಾಲಿನಲ್ಲಿದ್ದವರೆಲ್ಲರ ಮುಂದೆ ಗಂಡನನ್ನು ಗದರಿದರು. ದರ್ಜಿಗೆ ಗೊತ್ತಾಗುವುದಿಲ್ಲ ಸ್ವಾಮಿ. ಕೂದಲೆಳೆಯಂಥ ದಾರದಲ್ಲಿ ಇನ್ನೊಬ್ಬರ ಕಾರ್ನಿಯಾ ಹೊಲಿದು ಕೂರಿಸುವ ತಾಳ್ಮೆಯಿದ್ದ ನಿಮಗೆ ಒಂದು ಮುಚ್ಚಳ ತಿರುಗಿಸಿ ತೋರಿಸುವ ಪುರುಸೊತ್ತಿರಲಿಲ್ಲವೇ? ಕಣ್ಣು ಕೊಟ್ಟ ಆ ಮನೆಯವರಿಗೆ ಈಗ ಉತ್ತರ ಹೇಳಬೇಕಾದವರು ದರ್ಜಿಯೊಬ್ಬನೇ ಏನು?

ಸೋಂಕೇನೋ ಇಳಿಯಿತು. ಕೂರಿಸಿದ ಕಾರ್ನಿಯಾ ಬೆಳ್ಳಗಾಗಿಯೇ ಉಳಿಯಿತು, ನೋಟ ಮತ್ತೆ ಮಬ್ಬಾಯಿತು. ಮತ್ತೊಂದು ಸಿಗುವವರೆಗೆ ಕಾಯಬೇಕು, ಅದೂ ಕೂಡಿಕೊಳ್ಳುತ್ತದೆಂಬ ಭರವಸೆ ಇಲ್ಲ.

ಈಗ ಗಂಡ ಸೂಜಿಗಳನ್ನು ಬಟ್ಟೆಯ ಉಂಡೆಗೆ ಚುಚ್ಚಿಡುತ್ತಾನೆ. ಬಾಯಿ ಖಾಲಿ, ಆದರೆ ಮಾತಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಬೆರಳಲ್ಲೇ ಅಂಗಿಯ ಕಾಜಾಗಳನ್ನು ತಡವುತ್ತಾಳೆ. ಒಂದು ಸಂಜೆ ಕೇಳಿದಳು: “ರೀ, ಮೊದಲಿನ ಹಾಗೆ ಒಂದ್ಸಲ ಹ್ಞೂಂ ಅನ್ನಿ.”

“ಯಾಕೆ?”

“ಅದು ಕೇಳಿದ್ರೆ ಆ ನರೆತ ಹುಬ್ಬು ಕಂಡ ಹಾಗಾಗತ್ತೆ. ಮರ್ತುಹೋಗೋ ಮುಂಚೆ ಅನ್ನಿ.”

ಅವನ ಕೈ ಉಂಡೆಯವರೆಗೆ ಹೋಗಿ, ಸೂಜಿ ಮುಟ್ಟದೆ ಹಿಂದೆ ಬಂತು. ಬರಿ ತುಟಿಗಳನ್ನೇ ಬಿಗಿಹಿಡಿದು ಹ್ಞೂಂ ಎಂದ.

ಅಕ್ಕ ಕಿವಿಗೊಟ್ಟು ಅದರಲ್ಲಿ ಆ ನಗುವನ್ನು ಹುಡುಕಿದಳು.

“ಇದಲ್ಲ,” ಎಂದಳು. “ಇನ್ನೊಂದ್ಸಲ ಅನ್ನಿ.”