ಓಬಳಯ್ಯ ಬರೆಯದ ಹೆಸರು

ಗುಬ್ಬಿ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸರಿಗೆ ಕಕ್ಕಸ್ಸು ಬೇಕೆಂದು ಊರಿನ ಸಭೆಯಲ್ಲಿ ಶಶಿರೇಖಾ ಎದ್ದು ಕೇಳಿದ್ದಳು. "ಕೂತ್ಕಳಮ್ಮ, ಆಮೇಲ್ ನೋಡಣ" ಅಂದರು. ಅದೇ ಮಾತನ್ನು ಓಬಳಯ್ಯ ಬರೆದಾಗ ಊರೇ ಓದಿತು.

ಓಬಳಯ್ಯ ಅಂದರೆ ಅವಳೇ. 2005ರ ಸುಮಾರಿಗೆ ಗುಬ್ಬಿ ಹುಡುಗರು ಇಂಟರ್‌ನೆಟ್ಟಿನಲ್ಲಿ ಊರ ಮಾತಿಗೆಂದು ಒಂದು ಚರ್ಚೆಯ ಕಟ್ಟೆ ಮಾಡಿಕೊಂಡಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಯಾವ ಹೆಸರಾದರೂ ಆಗುತ್ತಿತ್ತು. ಗುಬ್ಬಿಯಿಂದ ದಿನವೂ ಬಸ್ಸಿನಲ್ಲಿ ಬಂದು ತುಮಕೂರಿನ ಸದಾಶಿವನಗರದ ಸೈಬರ್ ಕೆಫೆಯಲ್ಲಿ ದುಡಿಯುತ್ತಿದ್ದ ಶಶಿರೇಖಾ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಸತ್ತ ತಾತನ ಹೆಸರಲ್ಲಿ ಅಲ್ಲಿ ಕೂರುತ್ತಿದ್ದಳು. ಬಾಯಿಯೂ ತಾತನದೇ. ಯಾರನ್ನೂ ಬಿಡುತ್ತಿರಲಿಲ್ಲ. "ಓಬಳಣ್ಣ ಹೇಳಿದ್ಮೇಲೆ ಮುಗೀತು" ಎನ್ನುವವರು ಹುಟ್ಟಿಕೊಂಡರು. ಕಕ್ಕಸ್ಸಿನ ಅರ್ಜಿಗೆ ಸಹಿ ಹಾಕುತ್ತೇವೆಂದೂ ಒಪ್ಪಿದರು.

ಅಡ್ಡ ನಿಂತದ್ದು ವರ್ತಕರ ಸಂಘ. ಕಕ್ಕಸ್ಸಿಗೆ ಕೇಳಿದ್ದ ಜಾಗದಲ್ಲೇ ಮಳಿಗೆ ಕಟ್ಟಿಸಲು ಓಡಾಡುತ್ತಿದ್ದವನು ಸಂಘದ ಕಾರ್ಯದರ್ಶಿ, ಗೊಬ್ಬರದಂಗಡಿಯ ಸೋಮಶೇಖರ್. ಶಶಿರೇಖಾಳ ಗಂಡ. ಓಬಳಯ್ಯ ಅವನನ್ನೂ ಜಾಡಿಸಿದ. ಆದರೆ 'ಗೊಬ್ಬರದಂಗಡಿಯವರು', 'ಆ ಕಾರ್ಯದರ್ಶಿ' ಎಂದಷ್ಟೇ.

'ಗುಬ್ಬಿ ಹುಲಿ' ಎಂದು ಹೆಸರಿಟ್ಟುಕೊಂಡವನೊಬ್ಬ ಕೆಣಕಿದ: "ಅಣ್ಣೋ, ಎಲ್ರ ಹೆಸ್ರೂ ಬರೀತೀಯ, ಸೋಮಶೇಖರನ್ ಹೆಸ್ರು ಮಾತ್ರ ಬರಲ್ವಲ್ಲ? ನಮ್ಮವ್ವ ನಮ್ಮಪ್ಪನ್ನ ಹಿಂಗೇ ಅನ್ನೋದು. ನೀನು ಗಂಡ್ಸೇನ್ಲಾ?"

ಶಶಿರೇಖಾ ಹಿಂದೆ ಬರೆದದ್ದನ್ನೆಲ್ಲ ತಿರುವಿ ನೋಡಿದಳು. ಗಂಡನ ಹೆಸರು ಹೇಳಬಾರದೆಂದು ಅವ್ವ ನಾಲಿಗೆಗೆ ಹಾಕಿದ್ದ ಬೀಗ ಬೆರಳಿಗೂ ಬಿದ್ದಿದ್ದು ಅವಳಿಗೇ ಗೊತ್ತಿರಲಿಲ್ಲ.

"ಬರ್ದ್ ಬಿಸಾಕೇ," ಅಂದಳು ಜೊತೆಗೆ ಕೆಲಸ ಮಾಡುವ ತ್ರಿವೇಣಿ. "ಒಂದ್ ಹೆಸ್ರು ತಾನೆ? ಓಬಳಯ್ಯ ಉಳ್ಕತಾನೆ."

"ಹೂಂ ಕಣೇ. ನಾನು ಅಂತ ಗೊತ್ತಾದ್ರೆ ಮತ್ತೆ ಕೂತ್ಕಳಮ್ಮ ಅಂತಾರೆ."

ಒಂದೊಂದೇ ಅಕ್ಷರ ಒತ್ತಿದಳು. ಸೋಮಶೇಖರ್. ಸಿಡಿಲೇನೂ ಬಡಿಯಲಿಲ್ಲ. ಫ್ಯಾನು ಕಿರುಗುಟ್ಟುತ್ತಲೇ ಇತ್ತು. ಇಷ್ಟು ಬೆವರು ಸುರಿಸಿ ಬರೆದದ್ದರ ಕೀರ್ತಿ ಓಬಳಯ್ಯನಿಗೆ ಯಾಕೆ ಹೋಗಬೇಕು ಅನ್ನಿಸಿತು. ಕೆಳಗೆ ಸೇರಿಸಿದಳು: 'ಬರೆದವಳು ಶಶಿರೇಖಾ, ಅವನ ಹೆಂಡತಿ.'

ತ್ರಿವೇಣಿ ತಲೆ ಚಚ್ಚಿಕೊಂಡಳು.

"ಅಕ್ಕಾ, ಅಣ್ಣಂಗೆ ಗೊತ್ತಾ?" "ಮನೇಲಿ ಮುದ್ದೆ ಹಾಕ್ತೀರೋ ಇಲ್ವೋ?" ಸಂಜೆವರೆಗೂ ಕಟ್ಟೆಯಲ್ಲಿ ಇದೇ. ಓಬಳಣ್ಣನಿಗೆ ತಲೆದೂಗಿದವರಲ್ಲಿ ಒಬ್ಬನೂ ಕಕ್ಕಸ್ಸಿನ ಸುದ್ದಿ ಎತ್ತಲಿಲ್ಲ.

ಬಸ್ಸಿಗೆ ಹೊರಟಿದ್ದ ಶಶಿರೇಖಾ ಮತ್ತೆ ಕುರ್ಚಿ ಎಳೆದುಕೊಂಡು ಬರೆದಳು: "ಸೋಮಶೇಖರಂಗೆ ನಾನೇ ಹೇಳ್ತೀನಿ ಬುಡ್ರಪ್ಪ. ಸಹಿ ಹಾಕ್ತೀವಿ ಅಂದಿದ್ರಲ್ಲ, ಓಬಳಯ್ಯಂಗೋ, ಕಕ್ಕಸ್ಸಿಗೋ?"