ಹೀಟಾಗುವ ಮಾತ್ರೆ

ನಮ್ಮ ಕಡೆ ಯಾವ ಮಾತ್ರೆ ಒಗ್ಗದಿದ್ದರೂ ಅದಕ್ಕೆ ಒಂದೇ ಮಾತು: ಹೀಟು. ಬಾಯಿ ಹುಣ್ಣಾದರೂ ಹೀಟು, ಉರಿಮೂತ್ರವಾದರೂ ಹೀಟು. ಡಾಕ್ಟರುಗಳು ಕೇಳಿ ಕೇಳಿ ಅಭ್ಯಾಸವಾಗಿ, ಎಳನೀರು ಕುಡಿಯಿರಿ ಎನ್ನುತ್ತಾರೆ.

ಹೋದ ವರ್ಷ ಶ್ರೀರಾಂಪುರದ ನಮ್ಮ ಅಕ್ಕನಿಗೆ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ಕೆನ್ನೆ ಊದಿತು. ಏಳೂವರೆ ಬಸ್ಸಿಗೆ ಹೊಸದುರ್ಗಕ್ಕೆ ಕರೆದೊಯ್ದೆ. ಹಲ್ಲಿನ ಡಾಕ್ಟರು ಬಾಗಿಲು ತೆಗೆಯುವುದು ಹತ್ತಕ್ಕೆ. ಸಾಲಿನಲ್ಲಿ ನಾವೇ ಮೊದಲು.

ಡಾಕ್ಟರು ವಯಸ್ಸಿನಲ್ಲಿ ನಮ್ಮ ಮೊಮ್ಮಗಳಷ್ಟು. ಹಲ್ಲು ನೋಡಿ, "ಯಾವ್ದಾದ್ರೂ ಔಷಧಿ ಅಲರ್ಜಿ ಐತೇನಜ್ಜಿ?" ಎಂದರು.

"ಅಲರ್ಜಿ ಗಿಲರ್ಜಿ ಏನಿಲ್ಲವ್ವ. ಒಂದ್ಸಲ ಯಾವ್ದೋ ಕ್ಯಾಪ್ಸೂಲು ಹೀಟಾಗಿತ್ತು, ಅಷ್ಟೆ."

"ಎಳನೀರು ಕುಡೀರಿ," ಎನ್ನುತ್ತ ಡಾಕ್ಟರು ಅಮಾಕ್ಸಿಸಿಲಿನ್ ಬರೆದರು.

ಮನೆಯವರೆಲ್ಲರ ಹಳೆಯ ಚೀಟಿಗಳನ್ನು ನಾನು ವರ್ಷವಾರು ಫೈಲು ಮಾಡಿಟ್ಟಿದ್ದೇನೆ. ಜೊತೆಗೆ ತಂದಿದ್ದ ಅಕ್ಕನ ಫೈಲು ತೆರೆದು ನೋಡಿದೆ. ಆ ಕ್ಯಾಪ್ಸೂಲಿನ ಹೆಸರು ಆಂಪಿಸಿಲಿನ್ ಎಂದಿತ್ತು. ಎರಡು ಹೆಸರಿನ ಬಾಲವೂ ಒಂದೇ, ಸಿಲಿನ್.

"ಅಕ್ಕ, ಹೀಟು ಅಂದ್ರೆ ಏನಾಗಿತ್ತು?"

"ಏನಪ್ಪ, ಮೈಯೆಲ್ಲ ದದ್ದು. ತುಟಿ ಬದನೆಕಾಯಿ ಆಗಿತ್ತು. ಉಸುರೇ ಸಿಗ್ಲಿಲ್ಲ. ಎರಡು ಸೂಜಿ ಚುಚ್ಚಿದ ಮ್ಯಾಲೆ ಎದ್ದು ಕುಂತೆ. ಹೀಟು ಅಂದ್ರೆ ಹೀಟು."

ಡಾಕ್ಟರು ಚೀಟಿಯನ್ನು ಹರಿದು ಹಾಕಿದರು. "ಅಜ್ಜಿ, ಅದು ಹೀಟಲ್ಲ. ಅದೇ ಅಲರ್ಜಿ. ಇನ್ನೊಂದ್ಸಲ ಆದ್ರೆ ಜೀವಕ್ಕೇ ಅಪಾಯ."

ಆಮೇಲೆ ನನಗೆ ಬಿಡಿಸಿ ಹೇಳಿದರು. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಪೆನಿಸಿಲಿನ್ ಮನೆತನದಲ್ಲಿ ಒಡಹುಟ್ಟಿದವು. ಒಂದಕ್ಕೆ ಹೀಗಾದವರು ಇನ್ನೊಂದನ್ನು ಮುಟ್ಟಬಾರದು. ಸೆಫಲೆಕ್ಸಿನ್ ದಾಯಾದಿ. ಪೆನಿಸಿಲಿನ್ ಒಗ್ಗದವರಲ್ಲಿ ಬಹಳ ಜನಕ್ಕೆ ಅದು ಒಗ್ಗುತ್ತದೆ, ಆದರೆ ಉಸಿರು ಕಟ್ಟಿದವರ ಮೇಲೆ ಅದನ್ನು ಪರೀಕ್ಷೆ ಮಾಡುವುದಿಲ್ಲ. ಅಜಿತ್ರೊಮೈಸಿನ್ ಬೇರೆ ಕುಲ, ಬೇರೆ ಬೆಡಗಿನದು. ಹೊಟ್ಟೆ ಕೆಡಿಸಬಹುದು, ಎದೆಬಡಿತದ ತೊಂದರೆ ಇದ್ದವರಿಗೆ ಆಗದು. ಅಕ್ಕನಿಗೆ ಅಂಥ ತೊಂದರೆ ಇಲ್ಲವೆಂದು ಕೇಳಿ ಖಚಿತ ಮಾಡಿಕೊಂಡು ಅದನ್ನೇ ಬರೆದರು. ಕೀವು ತೆಗೆದು ಕಳಿಸಿದರು.

ಮಾರನೇ ದಿನ ಅಕ್ಕನ ಫೋನು.

"ಲೇ, ಮೂರು ಸಲ ಆಚೆಗೆ ಹೋಗಿ ಬಂದೆ. ಇದೂ ಒಗ್ಗಲ್ಲ ನಂಗೆ."

"ದದ್ದು ಎದ್ದೈತಾ? ತುಟಿ ಊದೈತಾ?"

"ಇಲ್ಲ."

"ಉಸಿರು?"

"ಉಸುರಿಲ್ದೆ ನಿನ್ನತ್ರ ಮಾತಾಡ್ತೀನೇನೋ!"

ಡಾಕ್ಟರನ್ನು ಕೇಳಿ ತಿಳಿಸಿದೆ: ನೀರು, ಉಪ್ಪು ಹಾಕಿದ ಗಂಜಿ ಜಾಸ್ತಿ ತಗೊಳ್ಳಬೇಕು, ಮಾತ್ರೆ ನಿಲ್ಲಿಸಬಾರದು. ಭೇದಿ ಜೋರಾದರೆ ಬರಬೇಕು.

"ಉಳಿದಿರಾದು ಎಷ್ಟು?" ಎಂದಳು ಅಕ್ಕ.

"ಎರಡು."

"ನುಂಗ್ತೀನಿ ಬಿಡು," ಎಂದು ಫೋನಿಟ್ಟಳು. ನುಂಗಿದಳು. ನಾಲ್ಕನೇ ದಿನ ಕೆನ್ನೆ ಇಳಿಯಿತು.