ನಿಂಗಣ್ಣ ಹಿಡಿದಿಟ್ಟ ಸೀಟು

ಕಥೆ ಕಟ್ಟಿ ಹೆದರಿಸುವ ಚಾಳಿ ನನಗಿಲ್ಲ. ಇದು ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ನನ್ನ ಕಣ್ಣೆದುರೇ ನಡೆದದ್ದು. ನೆನೆದರೆ ಮೈ ಜುಮ್ಮೆನ್ನುತ್ತದೆ, ಅದಕ್ಕಿಂತ ಹೆಚ್ಚಾಗಿ ಮೈ ಉರಿಯುತ್ತದೆ.

ಅಪ್ಪ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ನಾಲ್ಕು ಗಂಟೆಯ ಕತ್ತಲಲ್ಲಿ ತಮ್ಮನ ಫೋನ್ ಬಂತು. "ಅಕ್ಕಾ, ಡಾಕ್ಟ್ರು ಕೈಚೆಲ್ಲವ್ರೆ. ಅಪ್ಪ ನಿನ್ನೇ ಕೇಳ್ತಾವ್ರೆ, ಬಿರ್‍ರನೆ ಬಾ."

ಸ್ಟೇಷನ್ನಿಗೆ ಓಡಿದೆ. ಬೆಳಗಿನ ಜಾವದ ಹಳೇ ಪ್ಯಾಸೆಂಜರನ್ನು ಕೊರೊನಾದಲ್ಲಿ ನಿಲ್ಲಿಸಿದವರು ಮತ್ತೆ ಬಿಡಲೇ ಇಲ್ಲ. ಉಳಿದಿದ್ದು ಅದರ ನಂತರದ್ದೊಂದೇ. "ಅರ್ಧ ಗಂಟೆ ಲೇಟು" ಅಂದರು ಕೌಂಟರಿನವರು. ಅರ್ಧ ಗಂಟೆ ಬಿಟ್ಟು ಕೇಳಿದರೆ ಮತ್ತೆ ಅರ್ಧ ಗಂಟೆ! ಬರಲ್ಲ ಅಂತ ಬಾಯಿಬಿಟ್ಟು ಹೇಳಿದ್ದರೆ ಐದರ ಬಸ್ಸಾದರೂ ಹಿಡಿಯುತ್ತಿದ್ದೆನಲ್ಲ. ಇವರ ಮನೆ ಹಾಳಾಗ!

ಆರು ಗಂಟೆ. ಮಂಜು ಕವಿದು ಇನ್ನೂ ಕತ್ತಲು. ಪ್ಲಾಟ್‌ಫಾರಂನಲ್ಲಿ ನಾನೊಬ್ಬಳೇ... ಅನೌನ್ಸ್‌ಮೆಂಟಿಲ್ಲ, ಹಾರನ್ನಿಲ್ಲ, ರೈಲೊಂದು ಬಂದು ನಿಂತಿತು. ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಕಿಟಕಿಯಲ್ಲಿ ನಿಂಗಣ್ಣ! ಹಿಂದೆ ನಾನು ಮೈಸೂರಿನ ಗಾರ್ಮೆಂಟ್ಸಿಗೆ ಪಾಸಿನಲ್ಲಿ ಓಡಾಡುವಾಗ, ಹಾಸನದಲ್ಲೇ ಹತ್ತಿ ನಮ್ಮೂರ ಹೆಂಗಸರಿಗೆಂದು ಟವೆಲ್ ಹಾಸಿ ಸೀಟು ಹಿಡಿದಿಡುತ್ತಿದ್ದವನು. ಆ ಹಳೇ ಪ್ಯಾಸೆಂಜರನ್ನು ನಿಲ್ಲಿಸಿದ ವರ್ಷವೇ ತೀರಿಕೊಂಡಿದ್ದ. ತಿಥಿ ಊಟಕ್ಕೆ ನಾನೂ ಹೋಗಿದ್ದೆ.

"ರೈಲು ಅತ್ತವ್ವ, ಸೀಟು ಇಡ್ದಿವ್ನಿ" ಎಂದು ಪಕ್ಕದ ಟವೆಲ್ ತಟ್ಟಿದ. "ನಿಮ್ಮಪ್ಪ ಕಾಯ್ತಾವ್ರೆ."

"ನಿಂಗಣ್ಣಾ... ನೀನು ಸತ್ತೋಗಿದ್ದಲ್ವಾ?"

"ಅದ್ಯಾಕವ್ವ ಈಗ? ವತ್ತಾಯ್ತದೆ, ಅತ್ತು!"

ಹಿಂದೆ ಸರಿದೆ. ಹತ್ತಲಿಲ್ಲ. ರೈಲು ಸದ್ದಿಲ್ಲದೆ ಮಂಜಿನೊಳಗೆ ಹೋಯಿತು.

ಬಿದ್ದೂ ಎದ್ದೂ ಕೌಂಟರಿಗೆ ಓಡಿದೆ. "ಯಾವ ರೈಲೂ ಬಂದಿಲ್ಲ ಕಣಮ್ಮ. ನಿಮ್ಮದು ಇವತ್ತು ಕ್ಯಾನ್ಸಲ್, ಈಗ ಮೆಸೇಜ್ ಬಂತು" ಅಂದರು. ಈಗ! ಕಿಟಕಿಯ ಸರಳು ಹಿಡಿದು ಬಾಯಿಗೆ ಬಂದಂತೆ ಬೈದೆ.

ಬಸ್ಸಿನಲ್ಲಿ ಹೋಗಿ ತಲುಪುವಷ್ಟರಲ್ಲಿ ಅಪ್ಪನ ಮುಖಕ್ಕೆ ಬಟ್ಟೆ ಎಳೆದಿದ್ದರು. ತಮ್ಮ ಅಳುತ್ತಿದ್ದ. "ಎಂಟೂಕಾಲ್‌ಗಂಟ ನಿನ್ ಹೆಸ್ರೇ ಏಳ್ತಿದ್ರು ಕಣಕ್ಕ."

ಆರಕ್ಕೆ ಹೊರಟ ರೈಲು ಎಂಟರೊಳಗೆ ಮೈಸೂರು ಸೇರುತ್ತಿತ್ತು. ನಿಂಗಣ್ಣ ನನ್ನನ್ನು ಅಪ್ಪನ ಹತ್ತಿರ ಬಿಡುತ್ತಿದ್ದನೋ, ಇನ್ನೆಲ್ಲಿಗೆ ಒಯ್ಯುತ್ತಿದ್ದನೋ, ಯಾರು ಹೇಳಬೇಕು? ಹೊಟ್ಟೆ ಉರಿದಾಗಲೆಲ್ಲ, ಎಲ್ಲಿಗಾದರೂ ಸರಿ, ಹತ್ತಿಬಿಡಬೇಕಿತ್ತು ಅನ್ನಿಸುತ್ತದೆ. ಹಾಗೆ ಅನ್ನಿಸಿದ ದಿನ ಬೆಳಗಾಗುವವರೆಗೆ ನಿದ್ದೆ ಹತ್ತುವುದಿಲ್ಲ.